ಹಳೆಯ ಗಡಿಯಾರದ ಪಾಠಶೋಧನೆ

ಶರಣರ ಕಾಯಕಗಳನ್ನು ಒಂದೊಂದಾಗಿ ನೆನೆಯುವಾಗ ಆಯ್ದಕ್ಕಿ ಮಾರಯ್ಯನವರ ಕಾಯಕವು ಉಳಿದವುಗಳಿಗಿಂತ ಭಿನ್ನವಾಗಿ ತೋರುತ್ತದೆ. ಜೇಡರ ದಾಸಿಮಯ್ಯನವರು ಬಟ್ಟೆ ನೇಯ್ದರು. ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮಾರಯ್ಯನವರಾದರೋ ಹೊಸದಾಗಿ ಯಾವ ವಸ್ತುವನ್ನೂ ನಿರ್ಮಿಸಲಿಲ್ಲ. ಅನ್ಯರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಧರ್ಮಪತ್ನಿ ಲಕ್ಕಮ್ಮನವರು ಹೇಳಿದರೆಂಬ ಪ್ರಸಂಗವು ನಮ್ಮ ಮನೆಗಳ ಮಕ್ಕಳಿಗೂ ತಿಳಿದದ್ದೇ ಆಗಿದೆ. ಚೆಲ್ಲಿದುದನ್ನು ಆಯುವುದೂ ಕಾಯಕವೇ. ಆದರೆ ಆಯ್ದ ಮಾತ್ರಕ್ಕೆ ಎಲ್ಲವೂ ನಮ್ಮದಾಗುವುದಿಲ್ಲ ಎಂಬ ಎರಡು ತತ್ತ್ವಗಳು ಈ ಒಂದೇ ಪ್ರಸಂಗದಲ್ಲಿ ಅಡಗಿವೆ.

ಇಂದು ನಮ್ಮ ಅಂಗಳಗಳಲ್ಲಿ ಚೆಲ್ಲುತ್ತಿರುವುದು ಅಕ್ಕಿಯಲ್ಲ, ಹಿರಿಯರು ಬಳಸಿದ ವಸ್ತುಗಳು. ಮನೆಯನ್ನು ಒಡೆದು ಕಟ್ಟುವಾಗ, ಊರು ಬಿಟ್ಟು ನಗರ ಸೇರುವಾಗ ಅಟ್ಟದ ಮೇಲಿನ ಪೆಟ್ಟಿಗೆಗಳು ಗುಜರಿಯ ಗಾಡಿ ಏರುತ್ತವೆ. ಹೀಗೆ ಮನೆ ಬಿಟ್ಟು ಹೋದ ವಸ್ತುವೊಂದನ್ನು ಗುರುತಿಸಿ, ಮತ್ತೆ ನಡೆಯುವಂತೆ ಮಾಡುವ ಕೆಲಸದಲ್ಲಿ ಎಷ್ಟು ವಿವೇಕ ಬೇಕು ಎಂಬುದನ್ನು ಒಂದು ಕೈಗಡಿಯಾರದ ನಿಮಿತ್ತವಾಗಿ ವಿಚಾರಿಸೋಣ.

ಸಂತೆಯಲ್ಲಿ ದೊರೆತುದು

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನಲ್ಲಿ ಭಾನುವಾರದಂದು ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಬೀಗ, ಕೊಳಾಯಿ, ಕನ್ನಡಕ, ರೇಡಿಯೋ, ಪಾತ್ರೆ, ಪುಸ್ತಕ ಎಲ್ಲವೂ ನೆಲದ ಮೇಲೆ ಹರಡಿರುತ್ತವೆ. ಹಳೆಯ ಪುಸ್ತಕಗಳನ್ನು ಅರಸಿ ಹೋಗಿದ್ದ ನನಗೆ ಅಲ್ಲಿ ಒಂದು ಹಾಸಿನ ಮೇಲೆ ಎರಡು ಕೈಗಡಿಯಾರಗಳು ಕಂಡವು. ಒಂದರ ಮುಖವು ಕಡುನೀಲಿ ಬಣ್ಣದಿಂದ ಹೊಳೆಯುತ್ತಿತ್ತು; ಅದರ ಮೇಲೆ ಹೆಸರಾಂತ ಸ್ವಿಸ್ ಕಂಪನಿಯ ಮುದ್ರೆಯಿತ್ತು. ಇನ್ನೊಂದರ ಬಿಳಿಯ ಮುಖ ಹಳದಿಗೆ ತಿರುಗಿತ್ತು. ಗಾಜಿನ ತುಂಬ ಗೀರುಗಳು. ಆ ಗೀರುಗಳ ಅಡಿಯಲ್ಲಿ ‘ಎಚ್.ಎಂ.ಟಿ. ಜನತಾ’ ಎಂಬ ಅಕ್ಷರಗಳನ್ನು ಕಷ್ಟಪಟ್ಟು ಓದಬೇಕಾಗಿತ್ತು. ಮಾರುವವನು ಹೊಳೆಯುವುದನ್ನೇ ಮುಂದಕ್ಕೆ ಚಾಚಿದನು. ನಾನು ಮಾಸಿದುದಕ್ಕೆ 800 ರೂಪಾಯಿ ಕೊಟ್ಟು ತಂದೆನು. ಅದಕ್ಕೆ ಕಾರಣಗಳಿದ್ದವು.

ನಾಡಿನಲ್ಲಿ ಹುಟ್ಟಿದ ಗಡಿಯಾರ

ಹಿಂದೂಸ್ತಾನ್ ಮಷೀನ್ ಟೂಲ್ಸ್ ಎಂಬ ಸರ್ಕಾರಿ ಸಂಸ್ಥೆಯು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ನಿರ್ಮಿಸುವುದು ಅದರ ಮೂಲ ಉದ್ದೇಶ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಅದು ಕೈಗಡಿಯಾರಗಳ ತಯಾರಿಕೆಗೆ ಕೈಹಾಕಿತು. ಬೆಂಗಳೂರಿನ ಕಾರ್ಖಾನೆಯ ಮೊದಲ ಗಡಿಯಾರಗಳನ್ನು ಪ್ರಧಾನಿ ನೆಹರೂ ಅವರು 1963ರಲ್ಲಿ ಬಿಡುಗಡೆ ಮಾಡಿದರು. ಅದಕ್ಕೆ ಮುನ್ನ ಕೈಗಡಿಯಾರವೆಂದರೆ ವಿದೇಶದಿಂದ ಬರತಕ್ಕ ವಸ್ತು; ಅದನ್ನು ಕಟ್ಟಿಕೊಂಡವರು ಸ್ಥಿತಿವಂತರೆಂದು ಊರೇ ತಿಳಿಯುತ್ತಿತ್ತು. ಎಚ್.ಎಂ.ಟಿ.ಯ ಬಳಿಕ ಶಾಲಾ ಶಿಕ್ಷಕರು, ತಲಾಠಿಗಳು, ರೈಲ್ವೆ ನೌಕರರು, ಸಣ್ಣ ವ್ಯಾಪಾರಿಗಳು ಗಡಿಯಾರ ಕಟ್ಟುವಂತಾಯಿತು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಮುಂತಾದ ಹೆಸರುಗಳು ಮನೆಮಾತಾದವು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಲ್ಲಿ ನೌಕರನಿಗೆ, ಬೀಳ್ಕೊಡುಗೆಯಲ್ಲಿ ಗುರುಗಳಿಗೆ ಕೊಡುವ ಉಡುಗೊರೆಯೆಂದರೆ ಎಚ್.ಎಂ.ಟಿ. ಗಡಿಯಾರವೇ ಎಂಬ ರೂಢಿ ಬೆಳೆಯಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಆರಂಭವಾಯಿತು.

ಆದರೆ ಕಾಲವನ್ನು ಅಳೆಯುವ ವಸ್ತುವಿಗೂ ಕಾಲದ ಹೊಡೆತ ತಪ್ಪಲಿಲ್ಲ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕಂಪನಿಯು ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಕೀಲಿ ಕೊಡುವ ಅಗತ್ಯವಿಲ್ಲದ, ಸಣ್ಣ ಬ್ಯಾಟರಿಯಿಂದ ನಡೆಯುವ ಈ ಗಡಿಯಾರಗಳಲ್ಲಿ ಸ್ಫಟಿಕದ ತುಣುಕೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ನಿಖರತೆಯಲ್ಲಿ ಕೀಲಿಯ ಗಡಿಯಾರವು ಅದಕ್ಕೆ ಸಾಟಿಯಾಗಲಾರದು. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ನಮ್ಮ ದೇಶದಲ್ಲಿ ಕ್ವಾರ್ಟ್ಜ್ ಗಡಿಯಾರಗಳನ್ನು ಮನೆಮನೆಗೆ ತಲುಪಿಸಿತು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವು ನಷ್ಟದಲ್ಲಿ ಮುಳುಗಿತು. ಅದನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಆದುದರಿಂದ ಇಂದು ಹಳೆಯ ಜನತಾ ಗಡಿಯಾರದ ಭಾಗವೊಂದು ಮುರಿದರೆ, ಅದೇ ಜಾತಿಯ ಮತ್ತೊಂದು ಹಳೆಯ ಗಡಿಯಾರದಿಂದ ಅಥವಾ ಅಂಗಡಿಗಳಲ್ಲಿ ಉಳಿದಿರುವ ಹಿಂದಿನ ದಾಸ್ತಾನಿನಿಂದಲೇ ಅದನ್ನು ತರಬೇಕಾಗುತ್ತದೆ.

ಗುರುತಿಸುವ ಬಗೆ

ಮಠದಲ್ಲಿ ಓಲೆಗರಿಯ ಕಟ್ಟುಗಳನ್ನು ಪರಿಶೀಲಿಸುವಾಗ ಹಿರಿಯರು ಮೊದಲು ಕಲಿಸುತ್ತಿದ್ದ ವಿದ್ಯೆಯೆಂದರೆ ಸಂದೇಹಿಸುವ ವಿದ್ಯೆ. ಈ ಸಾಲು ಕವಿಯದೋ, ಲಿಪಿಕಾರನು ಸೇರಿಸಿದುದೋ? ಈ ಗರಿ ಇದೇ ಕಟ್ಟಿನದೋ, ಬೇರೆ ಕಟ್ಟಿನಿಂದ ಬಂದು ಸೇರಿದುದೋ? ಲಿಪಿ, ಗರಿಯ ಅಳತೆ, ದಾರದ ತೂತಿನ ಸ್ಥಾನ, ಭಾಷೆ ಇವು ಪರಸ್ಪರ ಹೊಂದಿದರೆ ಮಾತ್ರ ಅದು ಶುದ್ಧಪ್ರತಿ. ಹೊಂದದಿದ್ದರೆ ಎಲ್ಲಿಯೋ ಪ್ರಕ್ಷೇಪವಿದೆ. ಹಳೆಯ ಗಡಿಯಾರವನ್ನು ಗುರುತಿಸುವ ಕ್ರಮವೂ ಇದೇ ಆಗಿದೆ.

ಮೊದಲನೆಯದು ಮುಖದ ಸಾಕ್ಷ್ಯ. ಹಳೆಯ ಗಡಿಯಾರಗಳ ಮಾಸಿದ ಡಯಲ್‌ಗೆ ಹೊಸ ಬಣ್ಣ ಬಳಿದು, ಅಕ್ಷರ ಮುದ್ರಿಸಿ ಮಾರುವ ದಂಧೆ ನಮ್ಮ ದೇಶದಲ್ಲಿ ಹೇರಳವಾಗಿದೆ. ಕಾರ್ಖಾನೆಯ ಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿರುತ್ತದೆ. ಮರುಮುದ್ರಣದಲ್ಲಿ ಮಸಿ ಹರಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನೇರಕ್ಕೆ ಬರುವುದಿಲ್ಲ. ಅಕ್ಷರಗಳ ನಡುವಣ ಅಂತರ ಒಂದೇ ಸಮನಾಗಿರುವುದಿಲ್ಲ. ಸಂತೆಯ ಆ ನೀಲಿ ಗಡಿಯಾರದಲ್ಲಿ ಈ ಮೂರು ಲಕ್ಷಣಗಳೂ ಇದ್ದವು. ಕವಚ ಸವೆದು ಹಿತ್ತಾಳೆ ಕಾಣುತ್ತಿರುವಾಗ ಮುಖವೊಂದೇ ನಿನ್ನೆ ಮೊನ್ನೆಯದರಂತೆ ಹೊಳೆಯುವುದು ಹೇಗೆ? ವೃದ್ಧಾಪ್ಯವು ದೇಹದ ಎಲ್ಲ ಅಂಗಗಳಿಗೂ ಒಟ್ಟಿಗೆ ಬರತಕ್ಕದ್ದು.

ಎರಡನೆಯದು ಒಳಗಿನ ಸಾಕ್ಷ್ಯ. ಹಿಂಬದಿಯ ಮುಚ್ಚಳವನ್ನು ತೆಗೆಸಿ ನೋಡಿದಲ್ಲದೆ ಯಾವ ಗಡಿಯಾರವನ್ನೂ ಇಂಥದೆಂದು ನಿರ್ಧರಿಸಲಾಗದು. ಯಂತ್ರದ ಮೇಲೆ ತಯಾರಕರ ಹೆಸರು, ಜ್ಯುವೆಲ್‌ಗಳ ಸಂಖ್ಯೆ ಇತ್ಯಾದಿಗಳನ್ನು ಕೊರೆದಿರುತ್ತಾರೆ. ಮುಖದ ಮೇಲೆ ಬರೆದುದೂ ಒಳಗೆ ಕೊರೆದುದೂ ಒಂದಕ್ಕೊಂದು ತಾಳೆಯಾಗಬೇಕು. ಮುಖದಲ್ಲಿ ಒಂದು ಕಂಪನಿ, ಒಡಲಲ್ಲಿ ಇನ್ನೊಂದು ಕಂಪನಿಯಾದರೆ ಅದು ಹಲವು ಸತ್ತ ಗಡಿಯಾರಗಳ ಅಂಗಾಂಗಗಳನ್ನು ಕೂಡಿಸಿದ್ದು ಎಂದು ತಿಳಿಯಬೇಕು.

ಜ್ಯುವೆಲ್ ಎಂಬುದರ ಬಗೆಗೆ ಒಂದು ಮಾತು. ಗಡಿಯಾರದಲ್ಲಿ 17 ಜ್ಯುವೆಲ್‌ಗಳಿವೆ ಎಂದೊಡನೆ ಒಳಗೆ ಬೆಲೆಬಾಳುವ ರತ್ನಗಳಿವೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ಇವು ಕೃತಕ ಮಾಣಿಕ್ಯದ ಸೂಕ್ಷ್ಮ ತುಣುಕುಗಳು. ಫ್ರಾನ್ಸಿನ ವಿಜ್ಞಾನಿ ಅಗಸ್ಟ್ ವೆರ್ನ್ಯೂಯಿ 1902ರಲ್ಲಿ ಇಂಥ ಮಾಣಿಕ್ಯವನ್ನು ತಯಾರಿಸುವ ಕ್ರಮವನ್ನು ಪ್ರಕಟಿಸಿದ ಬಳಿಕ ಅವು ಅಗ್ಗವಾದವು. ಚಕ್ರಗಳ ಅಚ್ಚಿನ ತುದಿಗಳು ಲೋಹದ ಮೇಲೆ ತಿರುಗಿದರೆ ಬೇಗ ಸವೆಯುತ್ತವೆ. ಕಠಿಣವೂ ನುಣುಪೂ ಆದ ಮಾಣಿಕ್ಯದ ಕುಳಿಯಲ್ಲಿ ತಿರುಗಿದರೆ ದೀರ್ಘಕಾಲ ಬಾಳುತ್ತವೆ. ಈ ಕಲ್ಲುಗಳಿರುವುದು ಸೇವೆಗೆ. ಮಾರಿದರೆ ಹಣ ಬರದು.

ದುರಸ್ತಿಯ ಮೇಜಿನ ಮೇಲೆ

ಹುಬ್ಬಳ್ಳಿಯ ಪೇಟೆಯಲ್ಲಿ ಹಿರಿಯರಾದ ಗಡಿಯಾರ ದುರಸ್ತಿಗಾರರೊಬ್ಬರಿದ್ದಾರೆ. ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಕೆಲವು ಚಿಮಟ, ಸಣ್ಣ ತಿರುಪುಳಿಗಳು ಇಷ್ಟೇ ಅವರ ಅಂಗಡಿ. ಗಡಿಯಾರವನ್ನು ಕೈಗೆತ್ತಿಕೊಂಡ ಅವರು ಕೆಲ ಹೊತ್ತು ಮಾತನಾಡದೆ ನೋಡಿದರು.

“ಗುರುಗಳ, ಮುಖ ಇದರದ ಐತಿ, ಮಷೀನೂ ಇದರದ ಐತಿ. ಆದರ ಸೆಕೆಂಡ್ ಮುಳ್ಳು ಬ್ಯಾರೆದ್ದು. ಯಾರೋ ಯಾವುದರದೋ ತಂದು ಕೂಡಿಸ್ಯಾರ. ಕೀಲಿ ಗುಂಡಿನೂ ಇದರದ್ದಲ್ರಿ” ಎಂದರು.

“ಹಾಗಾದರೆ ಹೇಗೆ ಮಾಡೋಣ?” ಎಂದೆ.

“ಇದರದ ಹುಡುಕಿ ಹಾಕೋಣು. ಅಲ್ಲೀಮಟ ನೀವು ಕೀಲಿ ಕೊಡಬ್ಯಾಡ್ರಿ. ಒಳಗ ಎಣ್ಣಿ ಒಣಗಿ ಅಂಟಾಗೈತಿ. ಈಗ ಓಡಿಸಿದ್ರ ಅಚ್ಚು ತಿಂದು ಹೋಗತಾವ” ಎಂದರು.

ನಿಂತ ಗಡಿಯಾರವು ಕೈಗೆ ಬಂದೊಡನೆ ಕೀಲಿ ತಿರುವಿ, ಅಲುಗಾಡಿಸಿ ನೋಡುವುದು ಎಲ್ಲರ ಸ್ವಭಾವ. ಇದು ಹಾನಿಕರ. ಹಲವು ವರ್ಷ ಪೆಟ್ಟಿಗೆಯಲ್ಲಿದ್ದ ಗಡಿಯಾರದೊಳಗಿನ ಎಣ್ಣೆಯು ಧೂಳಿನೊಡನೆ ಬೆರೆತು ಗಟ್ಟಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ನಡೆಸಿದರೆ ಕೂದಲಿನಂಥ ಅಚ್ಚಿನ ತುದಿಗಳು ಸವೆಯುತ್ತವೆ.

ಅವರ ಕೆಲಸದ ಕ್ರಮವು ಹೀಗಿತ್ತು. ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಇಳಿಸಿದರು. ಬಿಗಿ ಇರುವಾಗಲೇ ಬಿಚ್ಚಿದರೆ ಅದರ ಶಕ್ತಿಯೆಲ್ಲ ಒಮ್ಮೆಲೇ ಚಿಮ್ಮಿ ಹಲ್ಲುಗಳು ಮುರಿಯುತ್ತವೆ. ಮುಳ್ಳುಗಳನ್ನೂ ಡಯಲನ್ನೂ ತೆಗೆದು ಬೇರೆ ಇರಿಸಿದರು. ಬ್ಯಾಲೆನ್ಸ್ ಚಕ್ರ, ಅದರ ಕೆಳಗಿನ ಕವೆ, ಬಳಿಕ ಚಕ್ರಗಳ ಸಾಲು, ಕೊನೆಗೆ ಸ್ಪ್ರಿಂಗಿನ ಡಬ್ಬಿ ಹೀಗೆ ಒಂದೊಂದಾಗಿ ಬಿಚ್ಚಿ, ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿ ಜೋಡಿಸಿದರು. ಶುದ್ಧ ಪೆಟ್ರೋಲಿನಲ್ಲಿ ತೊಳೆದು, ಮೊನಚು ಮಾಡಿದ ಕಡ್ಡಿಯಿಂದ ಪ್ರತಿಯೊಂದು ಜ್ಯುವೆಲಿನ ಕುಳಿಯನ್ನೂ ಒರೆಸಿದರು. ಮತ್ತೆ ಜೋಡಿಸುವಾಗ ಸ್ಪ್ರಿಂಗಿಗೆ ಮಂದವಾದ ಎಣ್ಣೆ, ಚಕ್ರಗಳ ಅಚ್ಚಿಗೆ ತೆಳುವಾದ ಎಣ್ಣೆ. ಅದೂ ಸೂಜಿಯ ಮೊನೆಗೆ ಅಂಟುವಷ್ಟು ಮಾತ್ರ. ಹೇರ್‌ಸ್ಪ್ರಿಂಗ್ ಎಂಬ ಸೂಕ್ಷ್ಮ ಸುರುಳಿಗೆ ಎಣ್ಣೆಯನ್ನು ತಾಗಿಸಲೇ ಇಲ್ಲ. ಅದಕ್ಕೆ ಎಣ್ಣೆ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರವು ಅತಿವೇಗವಾಗಿ ಓಡುತ್ತದೆ. ಎಣ್ಣೆ ಹೆಚ್ಚಾದರೂ ಕಡಿಮೆಯಾದರೂ ಕೇಡೇ. ಮಿತವನ್ನು ಬಲ್ಲವನೇ ಇಲ್ಲಿ ಕುಶಲಿ.

ಡಯಲಿಗೆ ಅವರು ಮಾಡಿದ ಉಪಚಾರವೆಂದರೆ ಮೃದುವಾದ ಕುಂಚದಿಂದ ಧೂಳನ್ನು ತೆಗೆದುದು, ಅಷ್ಟೇ. ನೀರಿನಿಂದ ಒರೆಸಿದರೆ ಹಳದಿಯ ಜೊತೆಗೆ ಅಕ್ಷರಗಳೂ ಹೋಗುತ್ತವೆಂದರು. ಪ್ಲಾಸ್ಟಿಕ್ ಗಾಜಿನ ಗೀರುಗಳನ್ನು ನುಣುಪಾದ ಪಾಲಿಶಿನಿಂದ ತಿಕ್ಕಿ ತೆಗೆದರು. ಎರಡು ತಿಂಗಳ ಬಳಿಕ ಕೆಟ್ಟುಹೋದ ಮತ್ತೊಂದು ಜನತಾ ಗಡಿಯಾರವು ಅವರಿಗೆ ದೊರೆಯಿತು; ಅದರ ಸೆಕೆಂಡ್ ಮುಳ್ಳೂ ಕೀಲಿಯ ಗುಂಡಿಯೂ ಇದಕ್ಕೆ ಬಂದವು. ಪ್ರತಿಯೊಂದರಲ್ಲಿ ಗರಿ ಲುಪ್ತವಾದಾಗ ಅದೇ ಪರಂಪರೆಯ ಇನ್ನೊಂದು ಪ್ರತಿಯಿಂದ ಪಾಠವನ್ನು ತುಂಬಿಕೊಳ್ಳುವುದು ಸಂಪಾದಕರಿಗೆ ಒಪ್ಪಿತವಾದ ಮಾರ್ಗ. ತಾನೇ ಹೊಸ ಸಾಲನ್ನು ಕಟ್ಟಿ ಸೇರಿಸುವುದು ಮಾತ್ರ ನಿಷಿದ್ಧ.

ಈ ಯಂತ್ರದ ಬ್ಯಾಲೆನ್ಸ್ ಚಕ್ರವು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಒಂದು ದಿನಕ್ಕೆ 4,32,000 ಬಡಿತಗಳಾದವು. ಈಗ ಇದು ದಿನಕ್ಕೆ ಸುಮಾರು ಅರ್ಧ ನಿಮಿಷ ಮುಂದೆ ಓಡುತ್ತದೆ. ನಾಲ್ಕು ದಶಕಗಳನ್ನು ಕಂಡ ಯಂತ್ರವೊಂದು 86,400 ಸೆಕೆಂಡುಗಳಲ್ಲಿ ಮೂವತ್ತು ಸೆಕೆಂಡು ತಪ್ಪುವುದೆಂದರೆ ಅದು ದೋಷವೆನಿಸದು.

ಬೆನ್ನ ಮೇಲಿನ ಹೆಸರು

ಗಡಿಯಾರದ ಹಿಂಬದಿಯ ಮುಚ್ಚಳದ ಮೇಲೆ ಒಂದು ಬರಹವಿತ್ತು. ಒಬ್ಬ ಮಾಸ್ತರರ ಹೆಸರು. ಅದರ ಕೆಳಗೆ ಒಂದು ಗ್ರಾಮದ ಪ್ರೌಢಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಎಂಬ ಒಕ್ಕಣೆ. 1979 ಎಂಬ ಇಸವಿ. ಸಂತೆಯಲ್ಲಿ ಮಾರಿದವನು ಹೇಳಿದ್ದನು: “ಹೆಸರು ಉಜ್ಜಿಸಿಬಿಡಿ ಸಾರ್, ಐದು ನಿಮಿಷದ ಕೆಲಸ. ಹೊಸದರ ಹಾಗೆ ಆಗುತ್ತೆ.” ಹುಬ್ಬಳ್ಳಿಯ ಹಿರಿಯರು ಅದನ್ನು ಓದಿ, ಮುಚ್ಚಳವನ್ನು ಒಂದು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. “ಇದನ್ನ ಮಾತ್ರ ನೀವು ಹೇಳಿದ್ರೂ ನಾ ಮಷೀನಿಗಿ ಹಿಡಿಯಾಂಗಿಲ್ರಿ” ಎಂದರು.

ಅವರ ಮಾತು ಯುಕ್ತವಾದುದು. ಪಾಲಿಶ್ ಯಂತ್ರಕ್ಕೆ ಹಿಡಿದರೆ ಲೋಹದ ಮೇಲಿನ ಪದರು ಸವೆದು ಹೋಗುತ್ತದೆ. ಕವಚದ ಅಂಚುಗಳು ಮೊಂಡಾಗುತ್ತವೆ. ಒಮ್ಮೆ ಹೋದುದು ಮರಳಿ ಬಾರದು. ಆದರೆ ಇಲ್ಲಿದ್ದ ಪ್ರಶ್ನೆ ಲೋಹಕ್ಕಷ್ಟೇ ಸಂಬಂಧಿಸಿದುದಲ್ಲ. ಬಾಡಿಗೆಯ ಬೆಂಚುಗಳ ಮೇಲೆ ಕುಳಿತು ಓದಿದ ಹಳ್ಳಿಯ ಮಕ್ಕಳು ನಾಲ್ಕಾಣೆ ಎಂಟಾಣೆ ಕೂಡಿಸಿ ಗುರುವಿಗೆ ಕೊಟ್ಟ ವಸ್ತುವಿದು. ಹಣ ಕೊಟ್ಟು ಗಡಿಯಾರವನ್ನು ಕೊಂಡ ನನಗೆ ಆ ಹೆಸರನ್ನು ಅಳಿಸುವ ಅಧಿಕಾರವೂ ಬಂದಿತೇ? ಲಕ್ಕಮ್ಮನವರು ಇದ್ದಿದ್ದರೆ ಏನೆನ್ನುತ್ತಿದ್ದರು?

ಶಾಲೆಯ ವಿಳಾಸಕ್ಕೆ ಪತ್ರ ಬರೆದೆನು. ಮುಖ್ಯೋಪಾಧ್ಯಾಯರು ವಿಚಾರಿಸಿ, ಮಾಸ್ತರರು ಲಿಂಗೈಕ್ಯರಾಗಿ ವರ್ಷಗಳು ಸಂದವೆಂದೂ ಮಗನು ಬೆಂಗಳೂರಿನಲ್ಲಿರುವನೆಂದೂ ತಿಳಿಸಿದರು. ಮಗನೊಡನೆ ದೂರವಾಣಿಯಲ್ಲಿ ಮಾತನಾಡಿದೆ. ಅವರು ಸಜ್ಜನರು. ಮನೆ ಬದಲಿಸುವಾಗ ಒಂದು ಟ್ರಂಕನ್ನು ತೆರೆದು ನೋಡದೆ ಕೊಟ್ಟುಬಿಟ್ಟೆವೆಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಾದರು. ಗಡಿಯಾರವನ್ನು ಕಳುಹಿಸಿಕೊಡುವೆನೆಂದಾಗ, “ನಮ್ಮಲ್ಲಿ ಯಾರೂ ಕಟ್ಟೋದಿಲ್ರಿ. ಮತ್ತೆ ಪೆಟ್ಟಿಗೆ ಸೇರತದ. ನಿಮ್ಮ ಹತ್ರಾನೇ ನಡೀತಾ ಇರಲಿ” ಎಂದರು. ಬಳಿಕ ಅವರೇ ಒಂದು ಸಂಗತಿಯನ್ನು ನೆನೆಸಿಕೊಂಡರು. ತಂದೆಯವರು ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಮುನ್ನ ಗಡಿಯಾರಕ್ಕೆ ಕೀಲಿ ಕೊಟ್ಟು ಗೂಡಿನಲ್ಲಿ ಇರಿಸುತ್ತಿದ್ದರಂತೆ. ಸಂಜೆ ಆಕಾಶವಾಣಿಯ ವಾರ್ತೆಗೆ ಮುನ್ನ ಬರುವ ಸಮಯದ ಸದ್ದಿಗೆ ಮುಳ್ಳನ್ನು ಸರಿಹೊಂದಿಸುತ್ತಿದ್ದರಂತೆ. “ಆ ಹೊತ್ತಿಗೆ ಮನೆಯೊಳಗ ಯಾರೂ ಮಾತಾಡಬಾರದಿತ್ತು” ಎಂದು ನಕ್ಕರು.

ಈ ಎರಡು ಮಾತುಗಳು ದೊರೆತ ಮೇಲೆಯೇ ಗಡಿಯಾರದ ಜೀರ್ಣೋದ್ಧಾರವು ಪೂರ್ಣವಾಯಿತೆಂದು ನನಗೆ ಅನ್ನಿಸಿತು. ಅವನ್ನು ಒಂದು ಚೀಟಿಯಲ್ಲಿ ಬರೆದು, ಮಾಸ್ತರರ ಹೆಸರು, ಶಾಲೆಯ ಹೆಸರುಗಳೊಡನೆ ಡಬ್ಬಿಯಲ್ಲಿ ಇರಿಸಿದ್ದೇನೆ. ಆ ಮನೆಯ ಮುಂದಿನ ತಲೆಮಾರಿನವರು ಎಂದಾದರೂ ಕೇಳಿದರೆ ಕೊಡತಕ್ಕದ್ದೆಂದೂ ಅದರಲ್ಲಿ ಬರೆದಿದೆ. ಅಲ್ಲಿಯವರೆಗೆ ನಾನು ಅದರ ಪಾಲಕನೇ ಹೊರತು ಒಡೆಯನಲ್ಲ.

ಮನೆಯವರಿಗೆ ಕೆಲವು ಮಾತು

ವಾಚಕರ ಮನೆಗಳಲ್ಲಿ ಇಂಥ ಗಡಿಯಾರಗಳಿದ್ದರೆ ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಬಹುಕಾಲ ನಿಂತ ಗಡಿಯಾರವನ್ನು ಮೊದಲು ತೊಳೆಸಿ, ಎಣ್ಣೆ ಹಾಕಿಸಿ, ಆಮೇಲೆ ನಡೆಸಬೇಕು. ನಿತ್ಯ ಬಳಸುವುದಾದರೆ ನಾಲ್ಕೈದು ವರ್ಷಗಳಿಗೊಮ್ಮೆ ಈ ಶುದ್ಧಿ ಅವಶ್ಯ. ಕೀಲಿಯನ್ನು ದಿನವೂ ಒಂದೇ ಹೊತ್ತಿನಲ್ಲಿ ಕೊಡಬೇಕು. ತಡೆ ತೋರಿದೊಡನೆ ನಿಲ್ಲಿಸಬೇಕು. ಧ್ವನಿವರ್ಧಕ ಮೊದಲಾದ ಅಯಸ್ಕಾಂತವುಳ್ಳ ಉಪಕರಣಗಳ ಹತ್ತಿರ ಇಡಬಾರದು. ಗಡಿಯಾರವು ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ತಗುಲಿರುವುದು ಸಂಭವ. ದುರಸ್ತಿಗಾರರು ಅದನ್ನು ಕ್ಷಣದಲ್ಲಿ ನಿವಾರಿಸಬಲ್ಲರು.

ಇನ್ನೊಂದು ಎಚ್ಚರಿಕೆಯನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಕತ್ತಲೆಯಲ್ಲಿ ಬೆಳಗುವ ಯಾವುದನ್ನೇ ಆಗಲಿ ನಮ್ಮ ಜನ ರೇಡಿಯಂ ಎನ್ನುತ್ತಾರೆ. ಇಂದಿನ ಲೇಪಗಳಲ್ಲಿ ರೇಡಿಯಂ ಇರುವುದಿಲ್ಲ. ಆದರೆ 1960ರ ದಶಕಕ್ಕೆ ಹಿಂದಿನ ಎಷ್ಟೋ ವಿದೇಶಿ ಗಡಿಯಾರಗಳ ಮುಳ್ಳು, ಅಂಕಿಗಳಿಗೆ ನಿಜವಾದ ರೇಡಿಯಂ ಬಳಿದಿರುತ್ತಿದ್ದರು. ಬೆಳಕು ಆರಿಹೋದರೂ ಅದರ ವಿಕಿರಣವು ಆರುವುದಿಲ್ಲ. ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಂಥ ಹಳೆಯ ಗಡಿಯಾರವನ್ನು ಮಕ್ಕಳ ಕೈಗೆ ಬಿಚ್ಚಲು ಕೊಡಬಾರದು. ಉದುರುವ ಲೇಪವನ್ನು ಕೆರೆಯಬಾರದು.

ಎಲ್ಲಕ್ಕೂ ಮಿಗಿಲಾಗಿ, ಪೆಟ್ಟಿಗೆಯನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಬೇಕು. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸದೆ ಇದ್ದಿದ್ದರೆ, ಮನೆಗಳ ಅಟ್ಟದ ಮೇಲೆ ಇದ್ದುದು ಏನೆಂಬುದು ಆ ಮನೆಯವರಿಗೂ ತಿಳಿಯುತ್ತಿರಲಿಲ್ಲ. ಗಡಿಯಾರವನ್ನು ವಚನದ ಕಟ್ಟಿನೊಡನೆ ಸಮನಾಗಿ ತೂಗಬೇಕಾಗಿಲ್ಲ. ಆದರೆ ಎರಡೂ ಕಳೆದುಹೋಗುವ ದಾರಿ ಒಂದೇ: ಮನೆಯವರ ಅರಿವಿಲ್ಲದಿರುವಿಕೆ. ಮನೆಯಲ್ಲಿ ಹಿರಿಯರಿರುವಾಗಲೇ ಅವರ ಬಳಿ ಕುಳಿತು, ಈ ಗಡಿಯಾರ ಯಾರು ಕೊಟ್ಟದ್ದು, ಈ ಪೆನ್ನು ಯಾವ ಊರಿನದು, ಈ ಕನ್ನಡಕ ಯಾರದು ಎಂದು ಕೇಳಿ, ಒಂದೊಂದು ಚೀಟಿ ಬರೆದು ಆಯಾ ವಸ್ತುವಿನೊಡನೆ ಇರಿಸಿರಿ. ಅದಕ್ಕೆ ಒಂದು ಸಂಜೆ ಸಾಕು. ಬರೆಯುವ ಕೆಲಸವನ್ನು ಮೊಮ್ಮಕ್ಕಳಿಗೆ ಒಪ್ಪಿಸಿದರೆ ಇನ್ನೂ ಲೇಸು.